ಶೀಶೆಯಲ್ಲಿ ಮೊಳೆಯುವ ಹೂಜಿಗಿಡ

ಅಂಗಾಂಶ ಕೃಷಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬಾಳೆ. ಒಂದೇ ಎತ್ತರದ ಗಿಡ, ಒಂದೇ ಸಮಯಕ್ಕೆ ಗೊನೆ. ರೈತನಿಗೂ ಮಂಡಿಯವನಿಗೂ ಬೇಕಾದುದು ಈ ಏಕರೂಪತೆಯೇ. ಅದೇ ಗುಣ ಮೇಘಾಲಯದ ಹೂಜಿಗಿಡಕ್ಕೆ ಕುತ್ತಾಗಬಹುದೆಂಬುದು ನನ್ನ ಆತಂಕ.

ನೆಪೆಂಥಿಸ್ ಖಾಸಿಯಾನ ಎಂಬ ಈ ಕೀಟಾಹಾರಿ ಸಸ್ಯ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳದ್ದು. ಭಾರತದಲ್ಲಿ ಸಹಜವಾಗಿ ಬೆಳೆಯುವ ನೆಪೆಂಥಿಸ್ ಇದೊಂದೇ. ಗಾರೋ ಜನ ಇದನ್ನು 'ಮೆಮಾಂಗ್ ಕೊಕ್ಸಿ', ಅಂದರೆ ದೆವ್ವದ ಬುಟ್ಟಿ ಎನ್ನುತ್ತಾರೆ. ಬಡ ನೆಲದಲ್ಲಿ ಬೇರಿಗೆ ದೊರಕದ ಸಾರಜನಕವನ್ನು ಅದು ಎಲೆತುದಿಯ ಹೂಜಿಗೆ ಜಾರಿಬಿದ್ದ ಇರುವೆ, ನೊಣಗಳಿಂದ ಪಡೆಯುತ್ತದೆ. ಗಣಿಗಾರಿಕೆ, ಕಾಡಿನ ನಾಶ ಮತ್ತು ಸಂಗ್ರಹಕಾರರ ಆಸೆಯಿಂದ ಇದರ ನೆಲೆ ಕುಗ್ಗಿದೆ.

ಶೀಶೆಯಲ್ಲಿ ಇದನ್ನು ಬೆಳೆಸುವ ವಿಧಾನ ಈಗ ಗುಟ್ಟೇನಲ್ಲ. ದಾರದೆಳೆಯಂಥ ಹಗುರ ಬೀಜಗಳನ್ನು ಬ್ಲೀಚ್ ದ್ರಾವಣದಲ್ಲಿ ತೊಳೆದು, ಅಗರ್, ಸಕ್ಕರೆ, ಲವಣಗಳ ಮಾಧ್ಯಮದ ಮೇಲೆ ಬಿತ್ತುತ್ತಾರೆ. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿಗಾಗಿ ರೂಪಿಸಿದ ಲವಣಸೂತ್ರವನ್ನೇ ಅರ್ಧಕ್ಕೋ ಇನ್ನೂ ಕಡಿಮೆಗೋ ಇಳಿಸಿ ಬಳಸುವುದು ವಾಡಿಕೆ. (ಉಪವಾಸಕ್ಕೆ ಒಗ್ಗಿದ ಹೊಟ್ಟೆಗೆ ಔತಣ ದಕ್ಕದು.) ಮೊಳೆತ ಸಸಿಯನ್ನು ಗೆಣ್ಣುಗೆಣ್ಣಾಗಿ ತುಂಡರಿಸಿ ಹಾರ್ಮೋನು ನೀಡಿದರೆ ಒಂದು ಹಲವಾಗುತ್ತದೆ.

ತೊಡಕಿರುವುದು ಇಲ್ಲೇ. ಹೂಜಿಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಒಂದೇ ಸಸಿಯಿಂದ ಹತ್ತು ಸಾವಿರ ನಕಲು ತೆಗೆದು ಬೆಟ್ಟದಲ್ಲಿ ನೆಟ್ಟರೆ ಅವೆಲ್ಲ ಗಂಡೇ, ಇಲ್ಲವೇ ಎಲ್ಲವೂ ಹೆಣ್ಣೇ. ತಮ್ಮತಮ್ಮಲ್ಲಿ ಒಂದು ಬೀಜವನ್ನೂ ಕಟ್ಟಲಾರವು. ವರದಿಯಲ್ಲಿ ಮಾತ್ರ 'ಗುರಿ ಸಾಧನೆ ಶೇ. 100' ಎಂದಿರುತ್ತದೆ. ಸೇವೆಯಲ್ಲಿದ್ದಾಗ ಅಂಥ ವರದಿಗಳನ್ನು ಸಾಕಷ್ಟು ಓದಿದ್ದೇನೆ. ಆದ್ದರಿಂದ ಹಲವು ತಾಣಗಳ, ಹಲವು ತಾಯಿಗಿಡಗಳ ಬೀಜದಿಂದಲೇ ಆರಂಭಿಸಿ, ಪ್ರತಿ ಬೀಜದ ಸಂತತಿಯನ್ನು ಪ್ರತ್ಯೇಕವಾಗಿ ಗುರುತಿಸಿಡಬೇಕು. ಇದಕ್ಕೆ ಖರ್ಚು ಹೆಚ್ಚು. ಸಂಖ್ಯೆಯೂ ಕಣ್ಣು ಕೋರೈಸುವಂತಿರದು.

ಅಗ್ಗದ ಸಸಿ ಮಾರುಕಟ್ಟೆಗೆ ಬಂದರೆ ಕಳ್ಳತನ ತಾನಾಗಿ ನಿಲ್ಲುತ್ತದೆಂಬ ವಾದವಿದೆ. ಅರ್ಥಶಾಸ್ತ್ರ ಓದಿದ ನನಗೆ ಅದು ಹಿತವಾಗಿಯೇ ಕೇಳುತ್ತದೆ. ಆದರೆ ಅಮೆರಿಕದ ಎರಡು ಕೆರೊಲಿನಾಗಳು ಸಹಜ ನೆಲೆಯಾಗಿರುವ ವೀನಸ್ ಫ್ಲೈಟ್ರ್ಯಾಪ್ ಬೇರೆಯೇ ಕಥೆ ಹೇಳುತ್ತದೆ. ಅಂಗಾಂಶ ಕೃಷಿಯಿಂದ ಅದು ಅಂಗಡಿಗಳಲ್ಲಿ ಅಗ್ಗವಾಗಿ ದೊರೆತರೂ ಕಾಡಿನಿಂದ ಕೀಳುವುದು ನಿಲ್ಲಲಿಲ್ಲ. 2014ರಲ್ಲಿ ಉತ್ತರ ಕೆರೊಲಿನಾ ಅದನ್ನು ಗಂಭೀರ ಅಪರಾಧದ ದರ್ಜೆಗೆ ಏರಿಸಬೇಕಾಯಿತು. ಶೀಶೆಯ ಸಸಿಗೆ ಉತ್ಪಾದನಾ ವೆಚ್ಚವಿದೆ. ಕಳ್ಳನ ಲೆಕ್ಕದಲ್ಲಿ ಕಾಡಿನ ಗಿಡಕ್ಕೆ ಅದಿಲ್ಲ.

ಮೇಘಾಲಯದ ಬಹುಪಾಲು ಭೂಮಿ ಸರ್ಕಾರದ್ದಲ್ಲ, ಸಮುದಾಯ ಮತ್ತು ಮನೆತನಗಳದ್ದು. ಬೀಜದಿಂದ ಬೆಳೆಸಿದ ಸಸಿಗಳ ನರ್ಸರಿಯೂ ಅದರ ಆದಾಯವೂ ಆ ಹಳ್ಳಿಗಳ ಕೈಯಲ್ಲಿದ್ದರೆ ಬೆಟ್ಟದ ಗಿಡಗಳನ್ನು ಕಾಯಲು ಅವರಿಗೂ ಕಾರಣವಿರುತ್ತದೆ.