ರಕ್ತ ತೆಳು ಮಾಡೋ ಮಾತ್ರೆ ರಕ್ತವನ್ನ ತೆಳು ಮಾಡೋದೇ ಇಲ್ಲ! ಹಾಗಾದ್ರೆ ಅದರ ಕೆಲಸ ಏನು?

ಸಂತೆ ದಿನ ಯಾವುದೇ ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತೆ. "ಅಣ್ಣಾ, ಅಪ್ಪಂಗೆ ರಕ್ತ ತೆಳು ಆಗೋ ಮಾತ್ರೆ ಕೊಡಿ, ಹಂಗೇ ಮಂಡಿ ನೋವಿಗೂ ಒಂದು ನಾಲ್ಕು ಹಾಕಿ." ಚೀಟಿ ಕೇಳೋರಿಲ್ಲ, ತೋರಿಸೋರೂ ಇಲ್ಲ. ಎರಡೂ ಒಂದೇ ಕವರ್‌ಗೆ ಬೀಳುತ್ತವೆ. ಅಪಾಯ ಇರೋದು ಆ ಕವರ್‌ನಲ್ಲೇ.

ಹಾಲಿಗೆ ನೀರು ಬೆರೆಸಿದ ಹಾಗೆ ಈ ಮಾತ್ರೆಯಿಂದ ರಕ್ತ ತೆಳುವಾಗಲ್ಲ. ನುಂಗಿದ ಮೇಲೂ ರಕ್ತ ಮೊದಲಿದ್ದಷ್ಟೇ ಗಟ್ಟಿ. ಬದಲಾಗೋದು ಹೆಪ್ಪುಗಟ್ಟುವ ಗುಣ ಮಾತ್ರ.

ಕೈ ಕುಯ್ದುಕೊಂಡಾಗ ಮೊದಲು ಬರೋದು ಪ್ಲೇಟ್‌ಲೆಟ್‌ಗಳು. ಡೆಂಗಿ ಬಂದಾಗ ಎಲ್ಲರ ಬಾಯಲ್ಲೂ ಕೇಳೋ ಅದೇ ಪ್ಲೇಟ್‌ಲೆಟ್. ಅವು ಒಂದಕ್ಕೊಂದು ಅಂಟಿಕೊಂಡು ಗಾಯದ ಬಾಯಿ ಮುಚ್ಚುತ್ತವೆ. ಅದರ ಮೇಲೆ ಫೈಬ್ರಿನ್ ಅನ್ನೋ ಎಳೆಗಳ ಬಲೆ ಹೆಣೆದುಕೊಂಡು ಹೆಪ್ಪು ಗಟ್ಟಿಯಾಗುತ್ತೆ. ಇದೇ ಕೆಲಸ ಗಾಯವಿಲ್ಲದ ಕಡೆ, ರಕ್ತನಾಳದ ಒಳಗೇ ನಡೆದರೆ ಕಷ್ಟ. ಹೃದಯದ ನಾಳದಲ್ಲಾದರೆ ಹಾರ್ಟ್ ಅಟ್ಯಾಕ್, ಮೆದುಳಿನಲ್ಲಾದರೆ ಲಕ್ವ. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡೋ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರೆಗಳು ಪ್ಲೇಟ್‌ಲೆಟ್‌ಗಳು ಅಂಟದ ಹಾಗೆ ನೋಡಿಕೊಳ್ಳುತ್ತವೆ. ಒಮ್ಮೆ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ ಸರಿಹೋಗಲ್ಲ. ಅದರ ಆಯಸ್ಸು 7ರಿಂದ 10 ದಿನ. ಹಾಗಾಗಿಯೇ ದಿನಕ್ಕೆ 75 ಮಿಲಿಗ್ರಾಂನ ಪುಟ್ಟ ಮಾತ್ರೆ ಸಾಕಾಗುತ್ತೆ. "ಈಗ ಆರಾಮಿದೀನಿ" ಅಂತ ಸ್ಟೆಂಟ್ ಹಾಕಿಸಿಕೊಂಡವರು ತಾವಾಗೇ ಮಾತ್ರೆ ಬಿಟ್ಟರೆ, ಆ ಸ್ಟೆಂಟ್ ಒಳಗೇ ಹೆಪ್ಪು ಕಟ್ಟಬಹುದು.

ಹೃದಯದ ವಾಲ್ವ್ ಬದಲಿಸಿದವರು ನುಂಗೋ ವಾರ್ಫರಿನ್, ಅಸಿನೊಕೌಮರಾಲ್ ಬೇರೆಯೇ ಜಾತಿ. ವಾರ್ಫರಿನ್ ಹುಟ್ಟಿದ ಕಥೆಯೂ ವಿಚಿತ್ರ. 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ವಿಜ್ಞಾನಿ ಕಾರ್ಲ್ ಲಿಂಕ್ ಅವರ ಲ್ಯಾಬ್‌ಗೆ ಬಂದ. ಆ ಹುಡುಕಾಟದಿಂದ ಬಂದ ವಾರ್ಫರಿನ್ 1948ರಲ್ಲಿ ಮೊದಲು ಮಾರಾಟವಾಗಿದ್ದು ಇಲಿ ಪಾಷಾಣವಾಗಿ! 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹಾರ್ಟ್ ಅಟ್ಯಾಕ್ ಆದಾಗ ಅವರಿಗೂ ಇದನ್ನೇ ಕೊಟ್ಟರು. ಇವತ್ತು ನಮ್ಮ ಗೊಬ್ಬರದಂಗಡಿಗಳಲ್ಲಿ ಸಿಗೋ ಬ್ರೊಮಾಡಿಯೊಲೋನ್ ಇಲಿ ಬಿಸ್ಕತ್ತೂ ಇದೇ ವಂಶದ್ದು.

ಇದು ವಿಟಮಿನ್ ಕೆ ಕೆಲಸಕ್ಕೆ ಅಡ್ಡಗಾಲು ಹಾಕುತ್ತೆ. ಆ ವಿಟಮಿನ್ ಇಲ್ಲದೆ ಲಿವರ್‌ನಲ್ಲಿ ಹೆಪ್ಪುಗಟ್ಟಿಸೋ ಪ್ರೋಟೀನ್‌ಗಳು ಸರಿಯಾಗಿ ತಯಾರಾಗಲ್ಲ. ಮೊದಲೇ ರಕ್ತದಲ್ಲಿರೋ ಪ್ರೋಟೀನ್ ಖಾಲಿಯಾಗಬೇಕಲ್ಲ, ಅದಕ್ಕೇ ಮಾತ್ರೆ ಹತ್ತೋಕೆ ಕೆಲವು ದಿನ ಬೇಕು. ಡೋಸ್ ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಪದೇ ಪದೇ ಐಎನ್‌ಆರ್ ಟೆಸ್ಟ್ ಮಾಡಿಸೋದು ಇದಕ್ಕೇ. ಆರೋಗ್ಯವಂತರಲ್ಲಿ ಸುಮಾರು 1 ಇರೋ ಈ ಅಂಕಿ, ಮಾತ್ರೆ ನುಂಗೋ ಹೆಚ್ಚಿನವರಲ್ಲಿ 2ರಿಂದ 3 ಇರಬೇಕು. ಕೆಲವು ವಾಲ್ವ್‌ಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ಅಂತ ಪೂರ್ತಿ ಬಿಡಬೇಕಿಲ್ಲ. ತಿಂಗಳಿಡೀ ಮುಟ್ಟದೆ, ಆಮೇಲೆ ವಾರವಿಡೀ ನುಗ್ಗೆ ಸೊಪ್ಪಿನ ಪಲ್ಯ ಹೊಡೆದರೆ ಮಾತ್ರ ಲೆಕ್ಕ ತಪ್ಪುತ್ತೆ. ಎಪಿಕ್ಸಬಾನ್, ರಿವರೋಕ್ಸಬಾನ್ ಅನ್ನೋ ಹೊಸ ಮಾತ್ರೆಗಳಿಗೆ ಐಎನ್‌ಆರ್ ಗೋಜಿಲ್ಲ, ಆದರೆ ಲೋಹದ ವಾಲ್ವ್ ಇದ್ದವರಿಗೆ ಅವು ಆಗಿಬರಲ್ಲ.

ಇವ್ಯಾವುವೂ ಆಗಲೇ ಕಟ್ಟಿದ ಹೆಪ್ಪನ್ನು ಕರಗಿಸಲ್ಲ. ಬೆಳೆಯದಂತೆ ತಡೆಯುತ್ತವೆ ಅಷ್ಟೇ. ಕರಗಿಸೋದು ಟೆನೆಕ್ಟೆಪ್ಲೇಸ್‌ನಂಥ ಇಂಜೆಕ್ಷನ್. ಅದು ಫೈಬ್ರಿನ್ ಬಲೆಯನ್ನೇ ತುಂಡು ಮಾಡಿಸುತ್ತೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಈ ಇಂಜೆಕ್ಷನ್ ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ. ಇಸಿಜಿ ನೋಡಿ, ಬೇಕಾದವರಿಗೆ ಕೊಡ್ತಾರೆ. ಎದೆನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕರೆ ಹೆಚ್ಚು ಉಪಯೋಗ. ಗ್ಯಾಸ್ ಅಂತ ಸೋಡಾ ಕುಡಿದು ಬೆಳಗಿನವರೆಗೆ ಕಾದರೆ ಆ ಅವಕಾಶ ಕೈತಪ್ಪುತ್ತೆ. ಲಕ್ವಕ್ಕೆ ಸಮಯ ಇನ್ನೂ ಕಡಿಮೆ, ಸುಮಾರು ನಾಲ್ಕೂವರೆ ಗಂಟೆ. ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. ಯಾಕಂದ್ರೆ ಕೆಲವು ಲಕ್ವ ಹೆಪ್ಪಿನಿಂದಲ್ಲ, ರಕ್ತಸ್ರಾವದಿಂದ ಆಗಿರುತ್ತೆ. ಹಾಗಾಗಿ ಲಕ್ವ ಹೊಡೆದವರಿಗೆ ಮನೆಯಲ್ಲೇ ಆಸ್ಪಿರಿನ್ ನುಂಗಿಸೋದು ಬೇಡ.

ಇನ್ನು ಆ ಮಂಡಿ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಹೊಟ್ಟೆಯ ಒಳಪದರವನ್ನ ಸವೆಸುತ್ತವೆ. ಹೆಪ್ಪುಗಟ್ಟೋ ಶಕ್ತಿ ಮೊದಲೇ ಕಡಿಮೆಯಾದವರಲ್ಲಿ ಅಲ್ಲಿಂದ ರಕ್ತ ಸೋರತೊಡಗಿದರೆ ಬೇಗ ನಿಲ್ಲಲ್ಲ. ಜೊತೆಗೆ ಐಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸಕ್ಕೂ ಅಡ್ಡಿಯಾಗಬಹುದು. ಮಲ ಡಾಂಬರಿನ ಹಾಗೆ ಕಪ್ಪಗಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ನೋವಿಗೆ ಏನು ನುಂಗಬಹುದು ಅಂತ ಮಾತ್ರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಹಲ್ಲು ಕೀಳಿಸೋ ಮುಂಚೆ ಹಲ್ಲಿನ ಡಾಕ್ಟರ್‌ಗೂ ಮಾತ್ರೆಯ ಹೆಸರು ಹೇಳಿ. ಹೆಸರು ನೆನಪಿರದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಜೇಬಲ್ಲಿಟ್ಟುಕೊಂಡು ಹೋಗಿ.