ಭಾರ ಎತ್ತುವಾಗ, ಭಾರ ಸಾಗಿಸುವಾಗ: ಬೆಳೆಗಾರರು ತಿಳಿದಿರಬೇಕಾದ ಕೆಲವು ಲೆಕ್ಕಗಳು



ಕಾಫಿ ಕಣದಿಂದ ಚೀಲಕ್ಕೆ, ಅಡಿಕೆ ಅಟ್ಟದಿಂದ ಮಂಡಿಗೆ ಇಳಿಯುವ ತಿಂಗಳುಗಳಲ್ಲಿ ನಮ್ಮ ತೋಟದ ರಸ್ತೆಗಳಿಗೆ ಬಿಡುವಿರುವುದಿಲ್ಲ. ಸಿಲ್ವರ್ ಮರ ಮಾರುವವರು, ಕೊಳವೆಬಾವಿ ತೆಗೆಸುವವರು, ಪಲ್ಪರ್ ಯಂತ್ರ ಬದಲಾಯಿಸುವವರು ಎಲ್ಲರೂ ಮಳೆಗೆ ಮುಂಚೆ ಕೆಲಸ ಮುಗಿಸುವ ಅವಸರದಲ್ಲಿರುತ್ತಾರೆ. ಮಾಲಿನ ಬೆಲೆಯಲ್ಲಿ ಕಿಲೋಗೆ ಎರಡು ರೂಪಾಯಿ ವ್ಯತ್ಯಾಸ ಬಂದರೂ ನಾವು ನಾಲ್ಕು ಕಡೆ ವಿಚಾರಿಸುತ್ತೇವೆ. ಆದರೆ ಆ ಮಾಲು ಹೊರುವ ಲಾರಿ ಎಷ್ಟು ಹೊರಬಲ್ಲದು, ದಿಮ್ಮಿ ಎತ್ತುವ ಹಗ್ಗ ಎಷ್ಟು ತಾಳಬಲ್ಲದು ಎಂದು ವಿಚಾರಿಸುವವರು ಕಡಿಮೆ. ಅವಘಡವಾದಾಗ ಹೋಗುವುದು ನಮ್ಮ ಆಳಿನ ಜೀವ, ನಮ್ಮ ದುಡ್ಡು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಎತ್ತಿನ ಗಾಡಿಯಿಂದ ಟ್ರೈಲರಿನವರೆಗೆ

ಹಿಂದೆ ಘಟ್ಟದ ಮೇಲಿನ ಕಾಫಿ ಎತ್ತಿನ ಗಾಡಿಗಳಲ್ಲಿ ಮಂಗಳೂರಿಗೆ ಇಳಿದು, ಅಲ್ಲಿ ಸಂಸ್ಕರಣೆಗೊಂಡು ಹಡಗು ಏರುತ್ತಿತ್ತು. ಕಾಡಿನ ದಿಮ್ಮಿ ಎಳೆಯಲು ಆನೆಗಳಿದ್ದವು. 1974ರಲ್ಲಿ ನವಮಂಗಳೂರು ಪ್ರಮುಖ ಬಂದರೆಂದು ಘೋಷಿತವಾಯಿತು. 1979ರಲ್ಲಿ ಹಾಸನ-ಮಂಗಳೂರು ಮೀಟರ್ ಗೇಜ್ ರೈಲುಮಾರ್ಗ ತೆರೆಯಿತು. 1996ರಲ್ಲಿ ಗೇಜ್ ಪರಿವರ್ತನೆಗೆಂದು ಘಟ್ಟದ ಮಾರ್ಗವನ್ನು ಮುಚ್ಚಿದರು. ಸರಕು ರೈಲು ಮರಳಿದ್ದು 2006ರಲ್ಲಿ. ಆ ಹತ್ತು ವರ್ಷ ರೈಲಿನಲ್ಲಿ ಹೋಗಬಹುದಾಗಿದ್ದ ಭಾರವೂ ರಸ್ತೆಯ ಮೇಲೆಯೇ ಬಿತ್ತು. ಕೊಂಕಣ ರೈಲ್ವೆಯವರು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹೇರಿ ಸಾಗಿಸುವ ಪದ್ಧತಿಯನ್ನು 1999ರಲ್ಲಿ ಆರಂಭಿಸಿ, ಮುಂದೆ ಸುರತ್ಕಲ್‌ವರೆಗೂ ತಂದರು. ಕರಾವಳಿಯ ರಸ್ತೆಗೆ ಅದರಿಂದ ಕೊಂಚ ಬಿಡುವು ಸಿಕ್ಕಿತಾದರೂ ಘಟ್ಟ ಹತ್ತುವ ರಸ್ತೆಗಳಿಗೆ ಅಂಥ ಅನುಕೂಲವಿಲ್ಲ.

ಇತ್ತ ಲಾರಿಗಳು ದೊಡ್ಡವಾಗುತ್ತ ಬಂದಿವೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಚಕ್ರದ ಒಂದು ಹಿಂಬದಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಮೂರು ಆಕ್ಸಲ್ ಲಾರಿಯ ಒಟ್ಟು ತೂಕ 25 ಟನ್‌ನಿಂದ 28.5 ಟನ್‌ಗೆ ಏರಿತು. ಏರಿಕೆ ಅಲ್ಪವೆಂದು ಕಂಡೀತು. ಆದರೆ ರಸ್ತೆಗೆ ಆಗುವ ಹಾನಿ ಭಾರದ ಜೊತೆ ಸಮನಾಗಿ ಬೆಳೆಯುವುದಿಲ್ಲ. ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಕಂಡುಕೊಂಡಂತೆ, ಅದು ಸುಮಾರಾಗಿ ಆಕ್ಸಲ್ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. 10.2ರಿಂದ 11.5 ಟನ್‌ಗೆ ಹೋದರೆ ಹಾನಿ ಒಂದೂವರೆಯಷ್ಟಕ್ಕಿಂತ ಹೆಚ್ಚು. ಹೆದ್ದಾರಿಯನ್ನು ಕಾಂಕ್ರೀಟ್ ಮಾಡಬಹುದು. ಶಿರಾಡಿಯಲ್ಲಿ 2015 ಮತ್ತು 2018ರಲ್ಲಿ ರಸ್ತೆ ಮುಚ್ಚಿ ಅದನ್ನೇ ಮಾಡಿದರು. ನಮ್ಮ ಪಂಚಾಯಿತಿ ರಸ್ತೆಗೂ, ತೋಟದ ಗೇಟಿನ ಮುಂದಿನ ಮೋರಿಗೂ ಆ ಬಲವಿಲ್ಲ.

ಮರದ ಅಳತೆಯಲ್ಲಿ ಅಡಗಿರುವ ತೂಕ

ಚೀಲದ ಮಾಲಿನ ತೂಕ ನಮಗೆ ಗೊತ್ತಿರುತ್ತದೆ. ಚೀಲ ಎಣಿಸಿದರೆ ಸಾಕು. ಮೋಸ ಹೋಗುವುದು ಮರದಲ್ಲಿ. ದಿಮ್ಮಿಯನ್ನು ನಾವು ಅಳೆಯುವುದು ಕಾಲು ಸುತ್ತಳತೆಯ ಹೊಪ್ಪಸ್ ಲೆಕ್ಕದಲ್ಲಿ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತೇವೆ. 4 ಅಡಿ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಹೀಗೆ 10 ಘನ ಅಡಿ. ಸಿಪ್ಪೆ, ಹೊರಮೈ ಪೋಲಾಗುವುದನ್ನು ಬಿಟ್ಟು ಮಾಡುವ ವ್ಯಾಪಾರದ ಲೆಕ್ಕ ಇದು. ಆ ದಿಮ್ಮಿಯ ನಿಜವಾದ ಗಾತ್ರ 12.7 ಘನ ಅಡಿ. ಲಾರಿ ಹೊರುವುದು ಈ ನಿಜವಾದ ಗಾತ್ರವನ್ನು, ಸಿಪ್ಪೆ ಸಮೇತವಾಗಿ, ಹಸಿಯಾಗಿ.

ಆಗತಾನೆ ಕಡಿದ ಹಸಿ ಮರವನ್ನು ನೀರಿನಷ್ಟೇ ತೂಕವೆಂದು ಹಿಡಿಯುವುದು ಕ್ಷೇಮ. ಒಂದು ಘನ ಅಡಿ ನೀರು ಸುಮಾರು 28.3 ಕಿಲೋ. ಮೇಲಿನ ದಿಮ್ಮಿ ಒಂದೇ 360 ಕಿಲೋ ಆಯಿತು. ಹೊಪ್ಪಸ್ ಲೆಕ್ಕದ 350 ಘನ ಅಡಿ ಲೋಡು ಎಂದರೆ ಸುಮಾರು 12.6 ಟನ್. ಹಳೆಯ ಮಿತಿಯಲ್ಲಿ ನೋಂದಣಿಯಾದ ಆರು ಚಕ್ರದ ಲಾರಿಯ ಒಟ್ಟು ತೂಕ 16.2 ಟನ್, ಅದರ ಸ್ವಂತ ತೂಕ ಕಳೆದರೆ ಮಾಲಿಗೆ ಉಳಿಯುವುದು ಸುಮಾರು 10 ಟನ್. "ಮುನ್ನೂರೈವತ್ತು ಅಡಿ ತಾನೇ, ಎಳೆಯುತ್ತದೆ ಬಿಡಿ" ಎಂದು ವ್ಯಾಪಾರಿ ಹೇಳಿದಾಗ ಎರಡೂವರೆ ಟನ್ ಹೆಚ್ಚು ಹೇರಿದಂತಾಯಿತು. ನೋಂದಣಿ ಪತ್ರದಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಬರೆದಿರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದು, ಬಂದದ್ದನ್ನು 36 ಕಿಲೋದಿಂದ ಭಾಗಿಸಿದರೆ ಹೊಪ್ಪಸ್ ಲೆಕ್ಕದಲ್ಲಿ ಎಷ್ಟು ಅಡಿ ಹೇರಬಹುದೆಂಬುದು ತಿಳಿಯುತ್ತದೆ.

ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ, 2019ರ ತಿದ್ದುಪಡಿಯ ನಂತರ, ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್‌ಗೆ ಮತ್ತೆ 2,000 ರೂಪಾಯಿ. ಹೆಚ್ಚಿನ ಮಾಲು ಇಳಿಸುವವರೆಗೆ ಗಾಡಿ ಕದಲುವಂತಿಲ್ಲ. ದಿಮ್ಮಿ ಹಿಂದಕ್ಕೋ ಪಕ್ಕಕ್ಕೋ ಮಿತಿಮೀರಿ ಚಾಚಿದ್ದರೂ 20,000 ರೂಪಾಯಿ. ಗಮನಿಸಬೇಕಾದ ಅಂಶವೇನೆಂದರೆ, ಕಲಂ ಹೆಸರಿಸುವುದು ಓಡಿಸುವವನನ್ನು ಮಾತ್ರವಲ್ಲ. ಓಡಿಸಲು ಕಾರಣನಾದವನನ್ನೂ ಅವಕಾಶ ಕೊಟ್ಟವನನ್ನೂ ಸೇರಿಸುತ್ತದೆ. "ಮರ ಮಾರಿಯಾಯಿತು, ಇನ್ನು ವ್ಯಾಪಾರಿಯ ಪಾಡು" ಎಂಬ ಮಾತು ಅಷ್ಟು ನಿಶ್ಚಿಂತೆಯದಲ್ಲ.

ಘಟ್ಟ ಇಳಿಯುವಾಗ

ಘಟ್ಟ ಇಳಿಯುವ ಲಾರಿ ಕಳೆದುಕೊಳ್ಳುವ ಎತ್ತರವೆಲ್ಲ ಶಾಖವಾಗಿ ಮಾರ್ಪಡಬೇಕು. 18 ಟನ್ ಲಾರಿ 700 ಮೀಟರ್ ಇಳಿದರೆ ಹುಟ್ಟುವ ಶಾಖ ಸುಮಾರು 390 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಮೂರು ಟನ್ ಹೆಚ್ಚು ಹೇರಿದರೆ ಇನ್ನೂ 65 ಲೀಟರ್ ಸೇರಿಸಿಕೊಳ್ಳಿ. ಲಾರಿ ಕೆಳಗಿನ ಗೇರಿನಲ್ಲಿದ್ದರೆ ಈ ಶಾಖದ ಬಹುಪಾಲನ್ನು ಎಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ ತೆಗೆದುಕೊಳ್ಳುತ್ತವೆ. ಡೀಸೆಲ್ ಉಳಿಸಲೆಂದು ಮೇಲಿನ ಗೇರಿನಲ್ಲಿಯೋ ನ್ಯೂಟ್ರಲ್‌ನಲ್ಲಿಯೋ ಬಿಟ್ಟರೆ ಎಲ್ಲವೂ ಬ್ರೇಕ್ ಡ್ರಮ್ಮಿಗೆ ಹೋಗುತ್ತದೆ. ಕಾದ ಲೈನರ್ ಹಿಡಿತ ಬಿಡುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಸುಟ್ಟ ವಾಸನೆ ಬಂದರೆ ಅಲ್ಲಿಯೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಬೇಕು. ಹತ್ತುವಾಗ ಬೇಕಾದ ಗೇರಿನಲ್ಲಿಯೇ ಇಳಿಯಬೇಕು ಎಂಬ ಹಳೆಯ ಚಾಲಕರ ಸೂತ್ರ ಇಂದಿಗೂ ಸರಿ.

ಸಣ್ಣ ಬೆಳೆಗಾರರು ನೆಚ್ಚುವ ಪಿಕಪ್‌ಗೂ ಇದೇ ನಿಯಮ. ಅದರ ಡ್ರಮ್ಮು ಚಿಕ್ಕದು, ಹೇರುವ ಆಸೆ ದೊಡ್ಡದು. ಭಾರ ಎತ್ತರಕ್ಕೆ ಹೋದಷ್ಟೂ ತಿರುವಿನಲ್ಲಿ ಮಗುಚುವುದು ಸುಲಭ. ದಪ್ಪ ದಿಮ್ಮಿಗಳು ಕೆಳಗೆ, ಸಣ್ಣವು ಮೇಲೆ ಇರಬೇಕು. ಹಗ್ಗವನ್ನು ಐದು ಕಿಲೋಮೀಟರ್ ಹೋದ ಮೇಲೆ ಒಮ್ಮೆ ಬಿಗಿಯಬೇಕು, ಏಕೆಂದರೆ ಅಲುಗಾಟಕ್ಕೆ ಲೋಡು ಕುಳಿತು ಹಗ್ಗ ಸಡಿಲಾಗುತ್ತದೆ. ಮಳೆಗಾಲದಲ್ಲಿ ಮರ ತುಂಬಿದ ಲಾರಿಗಳನ್ನು ಕೊಡಗಿನಲ್ಲಿ ಜಿಲ್ಲಾಡಳಿತ ತಡೆಯುವುದುಂಟು. 2018ರಲ್ಲಿ ಶಿರಾಡಿಯಲ್ಲಿ, 2019ರಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದದ್ದನ್ನು ನೆನೆದರೆ ಆ ತಡೆ ಅನ್ಯಾಯವೆನಿಸದು.

ಎತ್ತುವ ಕೆಲಸ

ಈಗ ಆನೆಯ ಜಾಗಕ್ಕೆ ಹೈಡ್ರಾ ಕ್ರೇನ್, ಜೆಸಿಬಿ, ಚೈನ್ ಬ್ಲಾಕ್ ಬಂದಿವೆ. ಒಂದು ಟನ್ನಿನ ದಿಮ್ಮಿಯನ್ನು ಎರಡು ಕಡೆ ಕಟ್ಟಿ ಒಂದು ಕೊಕ್ಕೆಗೆ ಸಿಕ್ಕಿಸಿದರೆ ಪ್ರತಿ ಎಳೆಗೆ ಅರ್ಧ ಟನ್ ಬೀಳುತ್ತದೆಂದು ನಾವು ಭಾವಿಸುತ್ತೇವೆ. ಎಳೆಗಳು ನೇರವಾಗಿ ನಿಂತಾಗ ಮಾತ್ರ ಅದು ನಿಜ. ಎಳೆಗಳ ನಡುವಿನ ಕೋನ 60 ಡಿಗ್ರಿ ಆದರೆ ಒಂದೊಂದಕ್ಕೆ 577 ಕಿಲೋ, 90 ಡಿಗ್ರಿಗೆ 707 ಕಿಲೋ, 120 ಡಿಗ್ರಿಗೆ ಪೂರ್ತಿ 1,000 ಕಿಲೋ. 150 ಡಿಗ್ರಿಗೆ ಅಗಲಿಸಿದರೆ ಒಂದೊಂದು ಎಳೆಯೂ 1,930 ಕಿಲೋ ತಾಳಬೇಕು. ಅಳತೆಗೋಲಿಲ್ಲದೆ ನೆನಪಿಡುವ ಉಪಾಯ ಇಷ್ಟೇ: ಕಟ್ಟಿದ ಎರಡು ಜಾಗಗಳ ನಡುವೆ ಎಷ್ಟು ಅಂತರವೋ, ಪ್ರತಿ ಎಳೆಯೂ ಕನಿಷ್ಠ ಅಷ್ಟು ಉದ್ದವಿರಲಿ. ಆಗ ಕೋನ 60 ಡಿಗ್ರಿ ಮೀರುವುದಿಲ್ಲ. ಹಗ್ಗಕ್ಕೆ ಗಂಟು ಹಾಕಿದರೆ ಅದರ ಬಲ ಅರ್ಧದಷ್ಟು ಇಳಿಯಬಹುದೆಂಬುದೂ ಮನಸ್ಸಿನಲ್ಲಿರಲಿ. ಎಳೆ ಕಿತ್ತ ಉಕ್ಕಿನ ಹಗ್ಗವನ್ನು "ಇನ್ನೊಂದು ಸಲ" ಎನ್ನದೆ ಎಸೆಯಬೇಕು.

ಕ್ರೇನಿನ ಮೇಲೆ ಬರೆದ ಟನ್ ಸಂಖ್ಯೆ ಅದರ ತೋಳು ಮಡಿಸಿಕೊಂಡು, ಭಾರ ಹತ್ತಿರವಿದ್ದಾಗಿನದು. ತೋಳು ಚಾಚಿ ಭಾರ ಎರಡರಷ್ಟು ದೂರ ಹೋದರೆ ಮಗುಚುವ ಸೆಳೆತವೂ ಎರಡರಷ್ಟು. ನಡುವೆ ಮಣಿಯುವ ಹೈಡ್ರಾ ಭಾರ ಹೊತ್ತು ತಿರುಗುವಾಗ ಅದರ ಸ್ಥಿರತೆ ಇನ್ನೂ ಕುಗ್ಗುತ್ತದೆ. ಸಮತಟ್ಟಾದ ಗಟ್ಟಿ ನೆಲಕ್ಕೆಂದು ಮಾಡಿದ ಯಂತ್ರವನ್ನು ನಮ್ಮ ಇಳಿಜಾರಿನ ಮೆತ್ತನೆಯ ಮಣ್ಣಿನ ಮೇಲೆ ತರುವಾಗ ಇದನ್ನು ಮರೆಯಬಾರದು. ಎತ್ತುವ ಸಾಧನಗಳನ್ನು ವರ್ಷಕ್ಕೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪರೀಕ್ಷಿಸಿಸಬೇಕು, ಸುರಕ್ಷಿತ ಭಾರವನ್ನು ನಮೂದಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ತೋಟ ಕಾರ್ಖಾನೆಯಲ್ಲದಿರಬಹುದು, ಸರಪಳಿಗೆ ಆ ಭೇದ ತಿಳಿಯದು. ವಿದ್ಯುತ್ ತಂತಿಯ ಬಳಿ ಕ್ರೇನ್ ನಿಲ್ಲಿಸುವ ಮೊದಲು ಲೈನ್‌ಮನ್‌ಗೆ ಹೇಳಿ ಸಂಪರ್ಕ ತೆಗೆಸಲೇಬೇಕು.

ಬೇಪೂರಿನ ಖಲಾಸಿಗಳ ಹೆಸರನ್ನು ಸದಸ್ಯರು ಕೇಳಿರಬಹುದು. 1988ರಲ್ಲಿ ಕೇರಳದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದ ರೈಲು ಬೋಗಿಗಳನ್ನು ಎತ್ತಲು ನೆರವಾದವರು ಅವರು. ಹಗ್ಗ, ಕಪ್ಪಿ, ಕೈಯಿಂದ ತಿರುಗಿಸುವ ರಾಟೆಗಳೇ ಅವರ ಉಪಕರಣ. ಅವರಲ್ಲಿ ಆಜ್ಞೆ ಕೊಡುವವನು ಒಬ್ಬನೇ, ಉಳಿದವರೆಲ್ಲ ಆ ಒಂದು ದನಿಗೆ ಕೈ ಜೋಡಿಸುತ್ತಾರೆ. ನಮ್ಮಲ್ಲಿ ದಿಮ್ಮಿ ಎತ್ತುವಾಗ ಚಾಲಕ, ವ್ಯಾಪಾರಿ, ಮೇಸ್ತ್ರಿ, ಯಜಮಾನ ನಾಲ್ವರೂ ಕೂಗುತ್ತಾರೆ. ಯಾರ ಮಾತು ನಡೆಯಬೇಕೆಂದು ಮೊದಲೇ ಗೊತ್ತುಮಾಡುವುದಕ್ಕೆ ಖರ್ಚೇನೂ ಇಲ್ಲ.

ಮೂಟೆ ಮತ್ತು ಆಳು

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರ ಶಿಫಾರಸಿನಲ್ಲಿ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದಿದೆ. 2018ರಿಂದ ಯೂರಿಯಾ ಚೀಲ 50ರಿಂದ 45 ಕಿಲೋಗೆ ಇಳಿದಿದೆ. ಅಡಿಕೆ ಮೂಟೆಯನ್ನು ಮಾತ್ರ ಬಿರಿಯುವಷ್ಟು ತುಂಬುವ ಅಭ್ಯಾಸ ಬಿಟ್ಟಿಲ್ಲ. 50 ಕಿಲೋಗೆ ನಿಲ್ಲಿಸಿದರೆ ಹೆಚ್ಚಿನ ಚೀಲಕ್ಕೆ ತಗಲುವ ಖರ್ಚು ಅಲ್ಪ, ಉಳಿಯುವುದು ಒಬ್ಬನ ಬೆನ್ನು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು: ಆಳುಗಳನ್ನು ಪಿಕಪ್ಪಿನ ಹಿಂಬದಿಯಲ್ಲಿ, ದಿಮ್ಮಿಯ ಮೇಲೆ, ಮೂಟೆಯ ಮೇಲೆ ಕೂರಿಸಿ ಕರೆತರುವುದು. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸುವವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಆಶಾರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. 1994ರ ತಿದ್ದುಪಡಿಯಿಂದ ಸರಕಿನ ಯಜಮಾನ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಇದೆ. ಆದರೆ ಆತ ಕ್ಯಾಬಿನ್ನಿನಲ್ಲಿಯೇ ಪ್ರಯಾಣಿಸಬೇಕೆಂದು 2007ರ ಇನ್ನೊಂದು ತೀರ್ಪು ಹೇಳುತ್ತದೆ. ಪುಕ್ಕಟೆ ಕರೆತಂದ ಹತ್ತು ಆಳುಗಳಿದ್ದ ಪಿಕಪ್ ಮಗುಚಿದರೆ ಪರಿಹಾರದ ಹೊರೆ ಗಾಡಿಯ ಯಜಮಾನನ ಮೇಲೆ ಬೀಳುತ್ತದೆ. ನಮ್ಮಲ್ಲಿ ಅನೇಕರಿಗೆ ಅದು ತೋಟ ಮಾರಿದರೂ ತೀರದ ಹೊರೆ. ದುಡ್ಡಿನ ಮಾತು ಹಾಗಿರಲಿ, ಬೆಳಿಗ್ಗೆ ನಮ್ಮನ್ನು ನಂಬಿ ಗಾಡಿ ಹತ್ತಿದವರು ಸಂಜೆ ಮನೆ ಸೇರಬೇಕು.

ಮಾಡಬಹುದಾದದ್ದು

ಎರಡು ಸಲ ಹೇರಿದರೆ ಬಾಡಿಗೆ ಹೆಚ್ಚುತ್ತದೆ, ಎರಡು ಎಕರೆಯವನಿಗೆ ಅದು ಸಣ್ಣ ಮಾತಲ್ಲ ಎಂಬುದನ್ನು ನಾವು ಬಲ್ಲೆವು. ಇದಕ್ಕೆ ಸಹಕಾರವೇ ಉತ್ತರ. ಒಂದೇ ರಸ್ತೆಯ ನಾಲ್ಕೈದು ಸದಸ್ಯರು ದಿನ ಗೊತ್ತುಮಾಡಿಕೊಂಡು ಸರಿಯಾದ ಲಾರಿಯನ್ನು ಒಟ್ಟಿಗೆ ಕರೆಸಿದರೆ ಖಾಲಿ ಓಡಾಟದ ಬಾಡಿಗೆ ಹಂಚಿಹೋಗುತ್ತದೆ. ಆಳುಗಳನ್ನು ಕರೆತರಲು ಪರವಾನಗಿ ಇರುವ ಪ್ರಯಾಣಿಕ ವಾಹನವನ್ನು ಹಾಗೆಯೇ ಹಂಚಿಕೊಳ್ಳಬಹುದು. ಮರ ಮಾರುವ ಕರಾರಿನಲ್ಲಿ ತೂಕದ ಮಿತಿ, ತೂಕಸೇತುವೆಯ ಚೀಟಿ, ಮೋರಿ ಮುರಿದರೆ ದುರಸ್ತಿ, ಕೆಲಸಗಾರರ ವಿಮೆ ಈ ನಾಲ್ಕನ್ನು ಬರೆಸಿಕೊಳ್ಳಿ. ಗಾಡಿ ತೋಟದೊಳಗೆ ಬರುವ ಮೊದಲು ನೋಂದಣಿ, ಅರ್ಹತಾ ಪತ್ರ, ವಿಮೆ, ಚಾಲಕನ ಲೈಸೆನ್ಸ್ ನೋಡಿ. ಕೇಳಿದ್ದಕ್ಕೆ ಬೇಸರಪಡುವ ಗುತ್ತಿಗೆದಾರನನ್ನು ಗೇಟಿನಿಂದಲೇ ಕಳುಹಿಸುವುದು ಮೇಲು.

ಈ ಲೆಕ್ಕಗಳಲ್ಲಿ ಸಂದೇಹವಿದ್ದವರು ಗಾಡಿಯ ನೋಂದಣಿ ಪತ್ರದ ಪ್ರತಿಯೊಂದಿಗೆ ಸಂಘದ ಕಚೇರಿಗೆ ಬಂದರೆ ಒಟ್ಟಿಗೆ ಕುಳಿತು ನೋಡೋಣ.

— ಕಾರ್ಯದರ್ಶಿ