ಟೀಚರ್, ನಿಮ್ಮ ಅಳತೆ ಸರಿ ಇದೆ

ಫೆಬ್ರವರಿ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಫೋನ್ ಬಂತು. ಮುಂಬೈಯಲ್ಲಿ ನಮ್ಮ ಭಾಗದ ಕನ್ನಡ ಮಾಧ್ಯಮದ ಮುನ್ಸಿಪಲ್ ಶಾಲೆಯ ಐದನೆಯ ತರಗತಿಯ ಟೀಚರ್. ಸ್ವರ ಕುಗ್ಗಿತ್ತು.

"ಸರ್, ಪ್ರಯೋಗ ಕೆಟ್ಟುಹೋಯಿತು. ಮಕ್ಕಳ ಎದುರು ಮರ್ಯಾದೆ ಹೋಯಿತು. ಇನ್ನು ಇದೆಲ್ಲ ನನ್ನಿಂದಾಗದು. ಪಾಠ ಓದಿಸಿ ಪ್ರಶ್ನೋತ್ತರ ಬರೆಸುತ್ತೇನೆ, ಸಾಕು."

ಆ ಪ್ರಯೋಗಕ್ಕೆ ಅವರನ್ನು ಒಪ್ಪಿಸಿದವನು ನಾನೇ. ಹಾಗಾಗಿ ಆ ಮಾತು ನನಗೂ ತಾಗಿತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅದಕ್ಕೂ ಎರಡು ವರ್ಷ ಮೊದಲು ನಾವು ಕೆಲವರು ಸಂಘದ ಮಿತ್ರರು ಹಣ ಸೇರಿಸಿ ಆ ಶಾಲೆಗೆ ವಿಜ್ಞಾನದ ಕಿಟ್ ಒಂದನ್ನು ಕೊಟ್ಟಿದ್ದೆವು. ಮಸೂರ, ಆಯಸ್ಕಾಂತ, ಬಲ್ಬು, ಮೋಟಾರು, ಎಲ್ಲ ಇದ್ದ ಚೆಂದದ ಪೆಟ್ಟಿಗೆ. ಹೂಗುಚ್ಛ, ಫೋಟೋ, ಭಾಷಣ ಎಲ್ಲ ಆಯಿತು. ಈಗ ಸ್ಟೆಮ್ ಎನ್ನುತ್ತಾರಲ್ಲ, ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಇವನ್ನು ಒಟ್ಟಿಗೆ ಕಲಿಸುವುದು, ಅದರ ಬಗ್ಗೆ ನಾನೇ ಇಪ್ಪತ್ತು ನಿಮಿಷ ಕೊರೆದಿದ್ದೆ. ವರ್ಷದ ನಂತರ ಹೋಗಿ ನೋಡಿದರೆ ಪೆಟ್ಟಿಗೆ ಕಬ್ಬಿಣದ ಕಪಾಟಿನಲ್ಲಿ ಭದ್ರವಾಗಿತ್ತು. ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ.

ನನಗೆ ಸಿಟ್ಟು ಬಂತು. ಆಗ ಈ ಟೀಚರ್ ಮೆಲ್ಲಗೆ ಹೇಳಿದ್ದರು: "ಸರ್, ಇದು ಸ್ಟಾಕ್ ರಿಜಿಸ್ಟರಿನಲ್ಲಿ ಏರಿದೆ. ಒಂದು ಮಸೂರ ಒಡೆದರೆ ಉತ್ತರ ಕೊಡಬೇಕಾದವಳು ನಾನು. ಮತ್ತೆ, ಮಕ್ಕಳು ಏನಾದರೂ ಕೇಳಿ ನನಗೆ ಗೊತ್ತಿಲ್ಲದಿದ್ದರೆ? ನಾನು ಓದಿದ್ದು ಕಲಾ ವಿಭಾಗದಲ್ಲಿ."

ಆ ಎರಡು ಭಯಗಳು ನಮ್ಮ ಭಾಷಣದಲ್ಲಿ ಎಲ್ಲೂ ಇರಲಿಲ್ಲ. ಒಡೆದೀತು ಎಂಬ ಭಯ, ಗೊತ್ತಿಲ್ಲ ಎಂದು ಬಯಲಾದೀತು ಎಂಬ ಭಯ. ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಭಾಷೆ, ಗಣಿತ, ಪರಿಸರ ಎಲ್ಲವನ್ನೂ ಕಲಿಸಬೇಕು. ಕೈಯಲ್ಲಿರುವುದು ಮಹಾರಾಷ್ಟ್ರದ ಬಾಲಭಾರತಿಯ ಕನ್ನಡ ಪುಸ್ತಕ, ಅವರು ಹೋದ ತರಬೇತಿ ನಡೆದದ್ದು ಮರಾಠಿಯಲ್ಲಿ, ಕಲಿಸಬೇಕಾದದ್ದು ಕಲಬುರಗಿ, ಯಾದಗಿರಿ ಕಡೆಯಿಂದ ಕೂಲಿಗೆ ಬಂದವರ ಮಕ್ಕಳಿಗೆ. ಇಷ್ಟರ ಮೇಲೆ ನಾವು ಪೆಟ್ಟಿಗೆ ಕೊಟ್ಟು "ಪ್ರಯೋಗ ಮಾಡಿ" ಎಂದು ಹೇಳಿ ಮನೆಗೆ ಬಂದಿದ್ದೆವು.

ಅದಕ್ಕೇ ಆ ಸಲ ಒಡೆಯುವಂಥದ್ದೇನೂ ಬೇಡ ಎಂದುಕೊಂಡೆವು. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಸಿ. ವಿ. ರಾಮನ್ ತಮ್ಮ ಶೋಧವನ್ನು ಸಾರಿದ ದಿನದ ನೆನಪು. ಪ್ರತಿ ವರ್ಷ ಆ ದಿನ ಶಾಲೆಯಲ್ಲಿ ಥರ್ಮಾಕೋಲಿನ ಜ್ವಾಲಾಮುಖಿಯೋ ಸೌರಮಂಡಲವೋ ಇರುತ್ತಿತ್ತು. ಮಾಡಿದವರು ಅಪ್ಪ ಅಮ್ಮಂದಿರು, ಪಕ್ಕದಲ್ಲಿ ನಿಂತು ಕಂಠಪಾಠ ಒಪ್ಪಿಸುವವರು ಮಕ್ಕಳು. "ಈ ಸಲ ಮಕ್ಕಳೇ ಅಳೆದದ್ದನ್ನು ತೋರಿಸೋಣ. ಒಂದು ಕೋಲು, ಒಂದು ಟೇಪು, ಒಂದು ಗಡಿಯಾರ ಸಾಕು. ಹಗಲಿನಲ್ಲಿ ನೆರಳು ಯಾವಾಗ ಅತಿ ಚಿಕ್ಕದಾಗುತ್ತದೆ, ನೋಡಿ" ಎಂದೆ. ಟೀಚರ್ ಒಪ್ಪಿದರು. ಇಂಥ ಪ್ರಯೋಗದಲ್ಲಿ ಏನು ತಾನೇ ತಪ್ಪಾದೀತು?

ಆದದ್ದು ಇಷ್ಟು. ಹಿಂದಿನ ದಿನ ಟೀಚರ್ ಮಕ್ಕಳಿಗೆ, "ಮಧ್ಯಾಹ್ನ ಸರಿಯಾಗಿ 12 ಗಂಟೆಗೆ ಸೂರ್ಯ ಎಲ್ಲಕ್ಕಿಂತ ಎತ್ತರದಲ್ಲಿರುತ್ತಾನೆ, ಆಗ ನೆರಳು ಅತಿ ಚಿಕ್ಕದು" ಎಂದು ಹೇಳಿಕೊಟ್ಟಿದ್ದರು. ನಾವೆಲ್ಲ ಕಲಿತದ್ದೂ ಹಾಗೆಯೇ. ಬಣ್ಣದ ಡಬ್ಬಿಯಲ್ಲಿ ಮಣ್ಣು ತುಂಬಿ, ನೆಲದಿಂದ ತುದಿಗೆ ಸರಿಯಾಗಿ ಒಂದು ಮೀಟರ್ ಬರುವಂತೆ ಕೋಲು ನೆಟ್ಟು, 11.30ರಿಂದ ಹತ್ತು ಹತ್ತು ನಿಮಿಷಕ್ಕೊಮ್ಮೆ ಅಳೆದರು. 12 ಗಂಟೆ ದಾಟಿತು. ನೆರಳು ಇನ್ನೂ ಚಿಕ್ಕದಾಗುತ್ತಲೇ ಇತ್ತು. 12.10ಕ್ಕೆ ಮತ್ತೂ ಚಿಕ್ಕದು, 12.20ಕ್ಕೆ ಮತ್ತೂ ಚಿಕ್ಕದು. ಅಷ್ಟರಲ್ಲಿ ಬೆಳಗಿನ ಪಾಳಿ ಮುಗಿಯುವ ಹೊತ್ತಾಯಿತು, ಗಂಟೆ ಬಾರಿಸಿತು. ಒಬ್ಬ ಹುಡುಗ, "ಟೀಚರ್, ನೀವು ಹೇಳಿದ್ದು ತಪ್ಪಾತಲ್ರೀ?" ಎಂದ. ಉಳಿದವರು ನಕ್ಕರು. ಆಫೀಸಿನ ಬಾಗಿಲಲ್ಲಿ ಹಿರಿಯರೊಬ್ಬರು, "ಬಿಸಿಲಲ್ಲಿ ಆಟ ಆಡಿಸುತ್ತಾ ಇದ್ದರೆ ಪೋರ್ಷನ್ ಮುಗಿಯುವುದು ಯಾವಾಗ?" ಎಂದೂ ಕೇಳಿದರಂತೆ.

ಫೋನಿನಲ್ಲಿ ನಾನು ಮಾಡಿದ ಮೊದಲ ತಪ್ಪು, ವಿವರಿಸಲು ಹೊರಟದ್ದು. ರೇಖಾಂಶ, ಪ್ರಮಾಣಿತ ಕಾಲ, ಭೂಮಿಯ ಕಕ್ಷೆ ಎಂದು ಶುರು ಮಾಡಿದೆ. ಆ ಕಡೆ ಮೌನ. ಇಷ್ಟು ಸುಲಭದ್ದೂ ತನಗೆ ಗೊತ್ತಿರಲಿಲ್ಲವಲ್ಲ ಎಂದು ಅವರು ಇನ್ನಷ್ಟು ಕುಗ್ಗುತ್ತಿದ್ದಾರೆ ಎಂದು ತಡವಾಗಿ ಹೊಳೆಯಿತು. ನಿಲ್ಲಿಸಿ, "ಮಕ್ಕಳು ಅಳತೆ ಬರೆದುಕೊಂಡಿದ್ದಾರಾ? ಓದಿ, ನೋಡೋಣ" ಎಂದೆ.

ಓದಿದರು. 80, 77, 74, 71, 69, 68 ಸೆಂಟಿಮೀಟರ್.

ನಾನು ಕಾಗದದ ಮೇಲೆ ಬರೆದುಕೊಂಡು ನೋಡಿದೆ. ಮೊದಮೊದಲು ಹತ್ತು ನಿಮಿಷಕ್ಕೆ ಮೂರು ಸೆಂಟಿಮೀಟರ್ ಇಳಿದದ್ದು, ಆಮೇಲೆ ಎರಡು, ಕೊನೆಗೆ ಒಂದು. ಎಷ್ಟು ನೀಟಾದ ಅಳತೆ! ಹತ್ತು ವರ್ಷದ ಮಕ್ಕಳು ಮಾಡಿದ್ದು.

"ಟೀಚರ್, ನಿಮ್ಮ ಅಳತೆ ಸರಿ ಇದೆ. ಪ್ರಯೋಗ ಕೆಟ್ಟಿಲ್ಲ, ಅರ್ಧಕ್ಕೆ ನಿಂತಿದೆ ಅಷ್ಟೇ" ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಅವರು ಕೇಳಿದರು, "ಹಾಗಾದರೆ ಅದು ಯಾವಾಗ ನಿಲ್ಲುತ್ತದೆ ಸರ್?"

"ಮಕ್ಕಳಿಗೂ ಇದನ್ನೇ ಕೇಳಿ. 'ನನಗೂ ಗೊತ್ತಿಲ್ಲ, ಶನಿವಾರ ನೋಡೋಣ' ಅಂತ ಹೇಳಿ. ನಾನೂ ಬರುತ್ತೇನೆ."

ಶನಿವಾರ ಮಕ್ಕಳು 1.30ರವರೆಗೆ ಉಳಿಯಲು ಮನೆಯವರ ಸಹಿ ತರಿಸಿ, ಅನುಮತಿ ಪಡೆದದ್ದು ಟೀಚರೇ. ನಾನು ಹೋದದ್ದು ನೀರಿನ ಬಾಟಲಿ ಮತ್ತು ಎರಡು ಕೊಡೆ ಹಿಡಿದುಕೊಂಡು. ಬಾಯಿ ತೆರೆಯಬಾರದು ಎಂದು ನನಗೆ ನಾನೇ ಕಟ್ಟುನಿಟ್ಟು ಮಾಡಿಕೊಂಡಿದ್ದೆ.

ಅಂದು 12.20ಕ್ಕೆ ನೆರಳು 65 ಸೆಂ.ಮೀ. 12.50ರ ಹೊತ್ತಿಗೆ 62. ಒಂದು ಗಂಟೆಗೂ 62. ಮತ್ತೆ ಬೆಳೆಯತೊಡಗಿ 1.25ಕ್ಕೆ ಪುನಃ 65. ಅತಿ ಚಿಕ್ಕದಾಗುವ ಹೊತ್ತಿನಲ್ಲಿ ನೆರಳು ಹೆಚ್ಚು ಅಲುಗಾಡುವುದಿಲ್ಲ, ಹಾಗಾಗಿ ಯಾವ ನಿಮಿಷ ಎಂದು ನೇರವಾಗಿ ಹೇಳುವುದು ಕಷ್ಟ. ಅದಕ್ಕೆ ಉಪಾಯ ಸಿಕ್ಕಿದ್ದು ಒಬ್ಬ ಹುಡುಗಿಯಿಂದ: "ಟೀಚರ್, 65 ಎರಡು ಸಲ ಬಂದದ. ಅವೆರಡರ ನಡು ತಗೊಂಡ್ರ?" 12.20 ಮತ್ತು 1.25ರ ನಡುವಿನ ಹೊತ್ತು 12.52. ನೆಲದಲ್ಲಿ ಶಂಕು ನೆಟ್ಟು, ಸುತ್ತ ವೃತ್ತ ಎಳೆದು, ಬೆಳಿಗ್ಗೆ ಮತ್ತು ಮಧ್ಯಾಹ್ನದ ಸಮನಾದ ನೆರಳುಗಳಿಂದ ದಿಕ್ಕು ಕಂಡುಹಿಡಿಯುತ್ತಿದ್ದ ನಮ್ಮ ಹಳೆಯ ಜ್ಯೋತಿರ್ವಿಜ್ಞಾನಿಗಳ ಉಪಾಯವೂ ಇದೇ. ಅದನ್ನು ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗಾದರೆ ಮುಂಬೈಯ ನಡುಹಗಲು 12.52ಕ್ಕೆ ಏಕೆ? ನಮ್ಮ ಗಡಿಯಾರ ತೋರಿಸುವುದು ಮುಂಬೈಯ ಸೂರ್ಯನನ್ನಲ್ಲ. ಭಾರತೀಯ ಪ್ರಮಾಣಿತ ಕಾಲವನ್ನು ಲೆಕ್ಕ ಹಾಕುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದಿಂದ. ಮುಂಬೈ ಇರುವುದು ಸುಮಾರು 73 ಡಿಗ್ರಿಯ ಹತ್ತಿರ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಆ ಲೆಕ್ಕದಲ್ಲಿ ನಮಗೆ ಸುಮಾರು 39 ನಿಮಿಷ ತಡ. ಹಿಂದೆ ಇಲ್ಲಿ 'ಬಾಂಬೆ ಟೈಮ್' ಎಂದೇ ಬೇರೆ ಸಮಯವಿತ್ತು, ಪ್ರಮಾಣಿತ ಕಾಲಕ್ಕಿಂತ 39 ನಿಮಿಷ ಹಿಂದೆ. 1906ರಲ್ಲಿ ದೇಶಕ್ಕೆ ಒಂದೇ ಸಮಯ ಬಂದ ಮೇಲೂ ಈ ನಗರ ಹಟ ಹಿಡಿದು 1955ರವರೆಗೆ ಅದನ್ನು ಉಳಿಸಿಕೊಂಡಿತ್ತು. ಉಳಿದ ಹದಿಮೂರು ಹದಿನಾಲ್ಕು ನಿಮಿಷ? ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಅದರಿಂದಾಗಿ ಸೂರ್ಯ ಫೆಬ್ರವರಿಯಲ್ಲಿ ಗಡಿಯಾರಕ್ಕಿಂತ ಅಷ್ಟು ಹಿಂದೆ ಬೀಳುತ್ತಾನೆ, ನವೆಂಬರ್ ಮೊದಲಲ್ಲಿ ಹದಿನಾರು ನಿಮಿಷ ಮುಂದೆ ಓಡುತ್ತಾನೆ.

ಇದನ್ನೆಲ್ಲ ಟೀಚರ್ ಮುಂದಿನ ವಾರ ಗ್ಲೋಬ್ ಇಟ್ಟುಕೊಂಡು ತಾವೇ ಹೇಳಿಕೊಟ್ಟರು. ಕಕ್ಷೆಯ ಭಾಗವನ್ನು ಬಿಟ್ಟರು, ಐದನೆಯ ತರಗತಿಗೆ ಅದು ಬೇಡ ಎಂದು ನಿರ್ಧರಿಸಿದವರೂ ಅವರೇ. ಸರಿಯಾದ ನಿರ್ಧಾರ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಅಂದು ನನಗೆ ನೆನಪಾದದ್ದು ಹೋಶಂಗಾಬಾದ್. 1972ರಲ್ಲಿ ಮಧ್ಯಪ್ರದೇಶದ ಆ ಜಿಲ್ಲೆಯ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ, ಮಾಡಿ ಕಲಿಯುವ ವಿಜ್ಞಾನದ ಪ್ರಯತ್ನವೊಂದು ಶುರುವಾಯಿತು. ಅದನ್ನು ಮುನ್ನಡೆಸಿದವರಲ್ಲಿ ಒಬ್ಬರಾದ ಅನಿಲ್ ಸದ್ಗೋಪಾಲ್ ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಬಿಟ್ಟು ಹಳ್ಳಿಗೆ ಹೋದವರು. 2002ರಲ್ಲಿ ಸರ್ಕಾರ ನಿಲ್ಲಿಸುವವರೆಗೂ ಅದು ನಡೆಯಿತು. ಅಲ್ಲಿ ಕಿಟ್ ಇತ್ತು, ತರಬೇತಿಯೂ ಇತ್ತು. ಆದರೆ ಕಾರ್ಯಕ್ರಮವನ್ನು ಹಿಡಿದು ನಿಲ್ಲಿಸಿದ್ದು ಶಿಕ್ಷಕರ ಮಾಸಿಕ ಸಭೆಗಳು ಎಂದು ನನಗನಿಸುತ್ತದೆ. ತರಗತಿಯಲ್ಲಿ ಏನು ಕೈಕೊಟ್ಟಿತು, ಮಗು ಯಾವ ಪ್ರಶ್ನೆ ಕೇಳಿ ಬಾಯಿ ಕಟ್ಟಿಸಿತು ಎಂದು ಶಿಕ್ಷಕರು ಅಲ್ಲಿ ಹೇಳಿಕೊಳ್ಳಬಹುದಿತ್ತು. ಕಾಲೇಜಿನ ಅಧ್ಯಾಪಕರು, ವಿಜ್ಞಾನಿಗಳು ಅವರ ಜತೆ ಕುಳಿತು ಹುಡುಕುತ್ತಿದ್ದರು.

ಪುಣೆಯಲ್ಲಿ ಎಂಜಿನಿಯರ್ ಕೆಲಸ ಮಾಡುತ್ತಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಹಾಕಿ ಹೋದದ್ದೂ ಅಲ್ಲಿಗೇ. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ತ್ರಿಕೋನ, ಘನ, ಮನೆ ಕಟ್ಟುವ ಅವರ ಆಟಿಕೆಗಳು ಹುಟ್ಟಿದ್ದು ಅಲ್ಲಿ. ಚೌಕವನ್ನು ಒತ್ತಿದರೆ ಅದು ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಸೇತುವೆಗೆ ತ್ರಿಕೋನಗಳೇಕೆ ಎಂಬುದು ಮಗುವಿಗೆ ಬೆರಳಲ್ಲೇ ತಿಳಿಯುತ್ತದೆ. ಕಡ್ಡಿ ಮುರಿದರೆ ಸ್ಟಾಕ್ ರಿಜಿಸ್ಟರಿಗೆ ಏನೂ ಆಗುವುದಿಲ್ಲ! ಅವರ ಪುಸ್ತಕ, ವಿಡಿಯೋಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲಿಯೂ. ಮುಂಬೈಯವರಿಗೆ ಮಾನಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. 1974ರಲ್ಲಿ ಹುಟ್ಟಿದ ಆ ಕೇಂದ್ರ ಮೊದಲ ವರ್ಷಗಳನ್ನು ಕಳೆದದ್ದು ನಾನಾ ಚೌಕದ ಮುನ್ಸಿಪಲ್ ಶಾಲೆಯ ಕಟ್ಟಡದಲ್ಲಿ. ಅಲ್ಲಿ ಸಿದ್ಧವಾದ ಪ್ರಾಥಮಿಕ ವಿಜ್ಞಾನದ ಪುಸ್ತಕಗಳಲ್ಲಿ ಉತ್ತರಕ್ಕಿಂತ 'ಮಾಡಿ ನೋಡು' ಹೆಚ್ಚು.

ಹೊರನಾಡಿನ ನಮ್ಮ ಸಂಘಗಳಲ್ಲಿ ಎಂಜಿನಿಯರುಗಳಿಗೆ, ನಿವೃತ್ತ ಅಧಿಕಾರಿಗಳಿಗೆ, ಕಂಪ್ಯೂಟರ್ ಕೆಲಸದವರಿಗೆ ಕೊರತೆಯಿಲ್ಲ. ಅವರಲ್ಲಿ ನನ್ನದೊಂದು ವಿನಂತಿ. ಕೊಡುವುದಾದರೆ ಕೊಡಿ, ಆದರೆ "ಒಡೆದರೆ ಚಿಂತೆಯಿಲ್ಲ, ಬದಲಿ ಕೊಡುತ್ತೇವೆ" ಎಂದು ಮುಖ್ಯಶಿಕ್ಷಕರಿಗೆ ಬರೆದೇ ಕೊಡಿ. ಹೋಗುವುದಾದರೆ ಅತಿಥಿಯಾಗಿ ಹೋಗಬೇಡಿ, ಟೇಪು ಹಿಡಿಯಲು ಹೋಗಿ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಇನ್ನೆರಡು ಕೈಗಳೇ ದೊಡ್ಡ ನೆರವು. ಮರಾಠಿ, ಇಂಗ್ಲಿಷಿನ ಒಳ್ಳೆಯ ಚಟುವಟಿಕೆಗಳನ್ನು ಒಂದೊಂದು ಪುಟದ ಕನ್ನಡಕ್ಕೆ ಇಳಿಸಿ ಕೊಡಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದ ಚಂದಾ ಕಟ್ಟಿ. ಮತ್ತು ಪ್ರಯೋಗ ಕೈಕೊಟ್ಟ ದಿನ ಫೋನ್ ಎತ್ತಿಕೊಳ್ಳಿ. ಆ ಕರೆಗೆ ಉತ್ತರ ಸಿಗದಿದ್ದರೆ ಕಪಾಟು ಮತ್ತೆ ಮುಚ್ಚಿಕೊಳ್ಳುತ್ತದೆ.

ವಿಜ್ಞಾನ ದಿನದಂದು ಆ ತರಗತಿಯವರು ಇಟ್ಟದ್ದು ಒಂದು ಡಬ್ಬಿ, ಒಂದು ಕೋಲು, ಎರಡು ದಿನದ ಅಳತೆಯ ಚಾರ್ಟು. ಬಹುಮಾನ ಬಂದದ್ದು ಜ್ವಾಲಾಮುಖಿಗೆ. ಆದರೆ ಚಾರ್ಟಿನ ಕೆಳಗೆ ಇನ್ನೊಂದು ಸಾಲಿತ್ತು. ಮಂಗಳವಾರ ತಪ್ಪು ಹಿಡಿದ ಅದೇ ಹುಡುಗ ಕಲಬುರಗಿ ಹತ್ತಿರದ ಊರಿನಲ್ಲಿರುವ ತನ್ನ ಕಾಕಾಗೆ ಫೋನ್ ಮಾಡಿ ಹೊಲದಲ್ಲಿ ಕೋಲು ನೆಡಿಸಿದ್ದ. ಅಲ್ಲಿ ನೆರಳು ಅತಿ ಚಿಕ್ಕದಾದದ್ದು 12.35 ಮತ್ತು 12.40ರ ನಡುವೆ. ನಮ್ಮೂರಿನ ನಡುಹಗಲು ಮುಂಬೈಗಿಂತ ಕಾಲು ಗಂಟೆ ಮೊದಲು ಎಂದು ಅವನು ದೊಡ್ಡ ಅಕ್ಷರದಲ್ಲಿ ಬರೆದಿದ್ದ. ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ.

ಹೊರಡುವಾಗ ಟೀಚರ್ ಚಾರ್ಟಿನತ್ತ ಬೆರಳು ತೋರಿಸಿದರು. "ಸರ್, 12.20ಕ್ಕೆ ಮಂಗಳವಾರ 68 ಇತ್ತು, ಶನಿವಾರ 65. ಅದೇ ಕೋಲು, ಅದೇ ಹೊತ್ತು. ನಾಲ್ಕು ದಿನದಲ್ಲಿ ಮೂರು ಸೆಂಟಿಮೀಟರ್ ಎಲ್ಲಿ ಹೋಯಿತು ಅಂತ ಮಕ್ಕಳು ಕೇಳುತ್ತಿದ್ದಾರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು. "ಬೇಡ ಸರ್, ಹೇಳಬೇಡಿ. ಮಾರ್ಚ್ ಕೊನೆಯವರೆಗೆ ಪ್ರತಿ ಶನಿವಾರ ಅಳೆಯುತ್ತೇವೆ."